ನೀವ್ ಎಂಬ ಹೆಸರು

ನನ್ನ ಮೊಮ್ಮಗಳ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಎನ್, ಐ, ಎ, ಎಂ, ಎಚ್ ಎಂಬ ಐದು ಅಕ್ಷರಗಳಾಗುತ್ತವೆ. ಇದನ್ನು ಕಾಗದದ ಮೇಲೆ ಕಂಡ ಮೈಸೂರಿನ ನನ್ನ ಮಿತ್ರರೊಬ್ಬರು ‘ನಿಯಾಮ್’ ಎಂದು ಓದಿಕೊಂಡು, ಯಮನಿಯಮಾದಿ ಅಷ್ಟಾಂಗಗಳಲ್ಲಿ ಎರಡನೆಯದಕ್ಕೂ ಈ ಶಿಶುವಿಗೂ ಏನೋ ಒಂದು ಸಂಬಂಧವನ್ನು ಕಲ್ಪಿಸಿ, ಬಹು ಸಾತ್ತ್ವಿಕವಾದ ನಾಮಧೇಯವನ್ನು ಆರಿಸಿದ್ದೀರೆಂದು ಮೆಚ್ಚಿ ಆಶೀರ್ವಾದಪೂರ್ವಕವಾಗಿ ಪತ್ರ ಬರೆದರು. ಇನ್ನೊಬ್ಬರು ಕೈತಪ್ಪಿನಿಂದ ಹಾಗಾಗಿರಬೇಕೆಂದು ಊಹಿಸಿ ತಾವೇ ‘ನಯನಾ’ ಎಂದು ತಿದ್ದಿಕೊಂಡರು. ಹೆಸರಾದರೋ ಈ ಎರಡೂ ಅಲ್ಲ. ಅದರ ಉಚ್ಚಾರಣೆ ‘ನೀವ್’, ಅರ್ಥ ಕಾಂತಿ ಅಥವಾ ಪ್ರಭೆ.

ನನ್ನ ಮಗ ಉದ್ಯೋಗನಿಮಿತ್ತವಾಗಿ ಡಬ್ಲಿನ್ ನಗರವನ್ನು ಸೇರಿ, ಅಲ್ಲಿ ಕೈಹಿಡಿದ ಹೆಣ್ಣುಮಗಳು ಐರ್ಲೆಂಡಿನ ಪಶ್ಚಿಮ ಕಡಲತೀರದ ಕಾನಮಾರಾ ಸೀಮೆಯವಳು. ಐರಿಷ್ ಭಾಷೆ ಪಠ್ಯಪುಸ್ತಕದ ವಿಷಯವಾಗಿಯಲ್ಲದೆ ಮನೆಮಾತಾಗಿ ಇಂದಿಗೂ ಉಳಿದುಕೊಂಡಿರುವ ಕೆಲವೇ ಸೀಮೆಗಳಲ್ಲಿ ಅದೂ ಒಂದು. ಬೀಗಿತ್ತಿಯವರು ಆ ಮಾತಿನಲ್ಲಿಯೇ ಎಣಿಸುವವರು, ಬೈಯುವವರು, ಪ್ರಾರ್ಥಿಸುವವರು. ಮೊಮ್ಮಗಳಿಗೆ ಹೆಸರನ್ನು ಸೂಚಿಸಿದವರೂ ಅವರೇ. ಅದು ಕಿವಿಗೆ ಬಿದ್ದ ಕ್ಷಣದಲ್ಲಿ ನನ್ನ ಹೆಂಡತಿ ಬೆಚ್ಚಿದಳು. “ಹಿರಿಯರನ್ನು ಕರೆಯೋ ಮಾತನ್ನ ತೊಟ್ಟಿಲಕೂಸಿಗೆ ಇಡೋದುಂಟೆ? ನೀವ್ ಎದ್ದಳು, ನೀವ್ ಅತ್ತಳು ಅಂತ ಹೇಗೆ ಹೇಳೋದು? ಕೇಳಿದವರು ನಮಗೆ ವ್ಯಾಕರಣ ಬರೋದಿಲ್ಲ ಅಂದ್ಕೊಳ್ತಾರೆ” ಎಂಬುದು ಅವಳ ಆಕ್ಷೇಪಣೆ. ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಸ್ತ್ರೀಯರು ವೈಯಾಕರಣರಿಗಿಂತ ಬೇಗ ಸಮಾಧಾನವನ್ನು ಕಂಡುಕೊಳ್ಳುತ್ತಾರೆ. ವಾರ ಕಳೆಯುವುದರೊಳಗಾಗಿ ಅವಳು ಹೆಸರನ್ನು ಹಾಗೆಯೇ ಬಿಟ್ಟು ಕ್ರಿಯಾಪದವನ್ನು ತಿದ್ದಿಕೊಂಡಳು: “ನಮ್ಮ ನೀವ್ ಎದ್ದರು, ನಮ್ಮ ನೀವ್ ಹಾಲು ಕುಡಿದರು, ನಮ್ಮ ನೀವ್‌ಗೆ ಈಗ ಕೋಪ ಬಂದಿದೆ.” ಮೂರು ತಿಂಗಳೂ ತುಂಬದ ಕೂಸಿಗೆ ನಮ್ಮ ಮನೆಯಲ್ಲಿ ಸಲ್ಲುವ ಬಹುವಚನ ನನಗೆ ಸಲ್ಲುವುದಿಲ್ಲ.

ನಾಮಕರಣವನ್ನು ಮಗನ ಮನೆಯ ಅಡುಗೆಕೋಣೆಯಲ್ಲಿಯೇ ನಡೆಸಿದೆವು. ಪುರೋಹಿತರ ಸ್ಥಾನವನ್ನು ನಾನೇ ವಹಿಸಿಕೊಂಡದ್ದರಿಂದ ಮಂತ್ರಭಾಗ ಸಂಕ್ಷಿಪ್ತವಾಯಿತು. ಸ್ಟೀಲಿನ ತಟ್ಟೆಯಲ್ಲಿ ಅಕ್ಕಿಯನ್ನು ಹರಡಿ, ಹೆಂಡತಿಯ ಉಂಗುರವನ್ನು ಹಿಡಿದು, ಕನ್ನಡದಲ್ಲಿ ‘ನೀವ್’ ಎಂದು ಬರೆದೆ. ನೋಡುತ್ತಿದ್ದ ಬೀಗಿತ್ತಿಯವರು ಉಂಗುರವನ್ನು ಕೇಳಿ ಇಸಿದುಕೊಂಡು, ನಾನು ಬರೆದುದರ ಕೆಳಗೆ, ತಮ್ಮ ತಂದೆಯ ಕಾಲದ ಶಾಲಾಪುಸ್ತಕಗಳಲ್ಲಿದ್ದ ಹಳೆಯ ಐರಿಷ್ ಲಿಪಿಯಲ್ಲಿ ಆ ಹೆಸರನ್ನು ಬರೆಯತೊಡಗಿದರು. ನಾಲ್ಕು ಅಕ್ಷರಗಳಾದವು, ಐದನೆಯದಾದ ಎಚ್ ಬರಲಿಲ್ಲ. ಅದರ ಬದಲಾಗಿ ಅವರು ಉಂಗುರವನ್ನು ಪಕ್ಕಕ್ಕಿಟ್ಟು, ಕಿರುಬೆರಳ ತುದಿಯಿಂದ ಎಂ ಅಕ್ಷರದ ನೆತ್ತಿಯ ಮೇಲೆ ಒಂದು ಚುಕ್ಕೆಯನ್ನೊತ್ತಿದರು. ಅಕ್ಕಿಕಾಳು ಉರುಳಿ ಚುಕ್ಕೆ ಮುಚ್ಚಿಹೋಯಿತು. ಮತ್ತೆ ಒತ್ತಿದರು. ಈ ಸಲ ತಟ್ಟೆಯ ತಳ ಹೊಳೆದು ಕಾಣಿಸಿತು.

ಆ ಚುಕ್ಕೆಯೇ ಈ ಹೆಸರಿನ ಮರ್ಮ. ವ್ಯಂಜನವೊಂದನ್ನು ಮೃದುವಾಗಿ ಉಚ್ಚರಿಸಬೇಕೆಂಬುದಕ್ಕೆ ಐರಿಷ್ ಲಿಪಿಕಾರರು ಅದರ ಮೇಲೆ ಚುಕ್ಕೆಯನ್ನಿಡುತ್ತಿದ್ದರು. ಇಪ್ಪತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ಮುದ್ರಣದಲ್ಲಿ ಸಾಮಾನ್ಯ ರೋಮನ್ ಅಚ್ಚು ನೆಲೆಗೊಂಡಾಗ ಚುಕ್ಕೆಯ ಕೆಲಸವನ್ನು ಎಚ್ ಅಕ್ಷರಕ್ಕೆ ವಹಿಸಲಾಯಿತು. ಆದಕಾರಣ ಅಲ್ಲಿಯ ಎಚ್ ತಾನಾಗಿ ಏನನ್ನೂ ನುಡಿಯದೆ, ಹಿಂದಿನ ಅಕ್ಷರದ ಬಿರುಸನ್ನು ತಗ್ಗಿಸುವುದಕ್ಕಾಗಿಯೇ ನಿಂತಿರುತ್ತದೆ. ಮಕಾರ ಮೃದುವಾದರೆ ವಕಾರವಾಗುತ್ತದೆ. ಸಂಸ್ಕೃತವನ್ನು ರೋಮನ್ ಲಿಪಿಗಿಳಿಸುವ ಕೆಲವು ಪಂಡಿತರು ಇದೇ ಎಂ ಅಕ್ಷರದ ಮೇಲೆ ಇದೇ ಚುಕ್ಕೆಯನ್ನಿಟ್ಟು ಅನುಸ್ವಾರವೆಂದು ಓದುತ್ತಾರೆಂಬುದನ್ನು ನೆನೆದು ನನಗೆ ನಗು ಬಂತು. ಅಂಥವರೊಬ್ಬರು ಆ ತಟ್ಟೆಯನ್ನು ಕಂಡಿದ್ದರೆ ಮಗುವನ್ನು ‘ನಿಯಂ’ ಎಂದೇ ಕರೆದುಬಿಡುತ್ತಿದ್ದರು.

ಮಕಾರ ವಕಾರವಾಗುವುದರಲ್ಲಿ ನಮಗೆ ಅಚ್ಚರಿಪಡುವಂಥದೇನೂ ಇಲ್ಲ. ನಮ್ಮ ಕುಮಾರನೂ ಕುವರನಾಗಿದ್ದಾನೆ. ಕರಾವಳಿಯ ಕೊಂಕಣಿಯವರ ಬಾಯಲ್ಲಿ ಗ್ರಾಮವು ‘ಗಾಂವ್’ ಆಗಿದೆ. ನಾಮವೆಂಬ ಶಬ್ದವೇ ‘ನಾಂವ್’ ಆಗಿದೆ, ಅದೂ ಮೂಗಿನ ಅನುರಣನವೊಂದನ್ನು ಉಳಿಸಿಕೊಂಡು. ಹಳೆಯ ಐರಿಷಿನಲ್ಲಿಯೂ ಈ ಮೃದುವಾದ ಮಕಾರವು ಮೂಗಿನಿಂದ ಹೊರಡುತ್ತಿದ್ದ ವಕಾರವೇ ಆಗಿತ್ತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೆಸರು ಎಂಬುದಕ್ಕೆ ಐರಿಷಿನಲ್ಲಿರುವ ‘ಆನಿಮ್’ ಎಂಬ ಶಬ್ದವೂ ನಮ್ಮ ‘ನಾಮ’ವೂ ಒಂದೇ ಬೇರಿನವು. ಸಾವಿರಾರು ಹರದಾರಿ ದೂರದ ಎರಡು ಕಡಲತೀರಗಳಲ್ಲಿ ಜನರ ತುಟಿಗಳು ಒಂದೇ ಬಗೆಯ ಸೋಮಾರಿತನವನ್ನು ಅಭ್ಯಾಸಮಾಡಿದುವೆಂದರೆ, ಸೋಮಾರಿತನವನ್ನು ಅಷ್ಟೊಂದು ಹಳಿಯಬೇಕಾಗಿಲ್ಲವೆಂದು ತೋರುತ್ತದೆ.

ಈ ಹೆಸರಿನ ಪ್ರಸಿದ್ಧ ನಾಯಿಕೆಯ ಕಥೆಯನ್ನು ಬೀಗಿತ್ತಿಯವರು ನಮಗೆ ಹೇಳಿದ್ದು ಗ್ಲೆನಸ್ಮೋಲ್ ಕಣಿವೆಯಲ್ಲಿ. ಡಬ್ಲಿನ್ನಿನ ದಕ್ಷಿಣದ ಗುಡ್ಡಗಳ ನಡುವೆ, ಡಾಡರ್ ಹೊಳೆ ಹರಿದುಬರುವ ದಾರಿಯಲ್ಲಿರುವ ಈ ಕಣಿವೆಯಲ್ಲಿ ನಗರಕ್ಕೆ ನೀರೊದಗಿಸಲೆಂದು 19ನೆಯ ಶತಮಾನದಲ್ಲಿ ಕಟ್ಟಿದ ಜಲಾಶಯಗಳಿವೆ, ಕುರಿಗಳಿವೆ, ಹೆಸರಿಗೆ ತಕ್ಕಂತೆ ಥ್ರಷ್ ಎಂಬ ಹಾಡುಹಕ್ಕಿಗಳೂ ಇವೆ. ಕಥೆ ಹೀಗಿದೆ: ವೀರನಾದ ಫಿಯನ್ ತನ್ನ ಮಗ ಒಶೀನನೊಡನೆಯೂ ಪರಿವಾರದೊಡನೆಯೂ ಲೇನ್ ಸರೋವರದ ದಡದಲ್ಲಿ ಬೇಟೆಯಾಡುತ್ತಿರಲು, ಪಡುವಣ ದಿಕ್ಕಿನಿಂದ ಬಿಳಿಯ ಕುದುರೆಯನ್ನೇರಿ ಹೊಂಗೂದಲ ಕನ್ಯೆಯೊಬ್ಬಳು ಬಂದಳು. ಅವಳೇ ನೀವ್, ಮುಪ್ಪಿಲ್ಲದ, ಸಾವಿಲ್ಲದ ತಾರುಣ್ಯದ ನಾಡಿನ ಅರಸನ ಮಗಳು. ಒಶೀನನನ್ನು ಮೆಚ್ಚಿ, ಕುದುರೆಯ ಮೇಲೆ ಕೂರಿಸಿಕೊಂಡು ಕಡಲಿನ ಮೇಲೆ ಹೊರಟುಹೋದಳು. ಕೆಲವೇ ವರ್ಷಗಳೆಂದು ಅವನೆಣಿಸಿದುದು ಇಲ್ಲಿ ಮುನ್ನೂರು ವರ್ಷಗಳಾಗಿದ್ದವು. ತವರನ್ನು ನೋಡುವ ಹಂಬಲದಿಂದ, ನೆಲಕ್ಕೆ ಕಾಲಿಡಬಾರದೆಂಬ ಎಚ್ಚರಿಕೆಯನ್ನು ಪಡೆದು ಅವನು ಹಿಂದಿರುಗಿದಾಗ, ಇದೇ ಗ್ಲೆನಸ್ಮೋಲಿನಲ್ಲಿ ಒಂದು ಗುಂಪು ಜನ ಚಪ್ಪಡಿಯೊಂದನ್ನು ಎತ್ತಲಾರದೆ ಒದ್ದಾಡುತ್ತಿದ್ದರು. ಕುದುರೆಯ ಮೇಲಿಂದಲೇ ಬಾಗಿ ಚಪ್ಪಡಿಯನ್ನು ಎಸೆದ ರಭಸಕ್ಕೆ ಜೀನಿನ ಪಟ್ಟಿ ಹರಿಯಿತು. ನೆಲಕ್ಕೆ ಬಿದ್ದವನು ಆ ಕ್ಷಣದಲ್ಲಿಯೇ ಕಣ್ಣು ಕಾಣದ ಹಣ್ಣುಮುದುಕನಾದನು.

ನನ್ನ ಹೆಂಡತಿ ಇದನ್ನು ಕೇಳಿ, “ನಮ್ಮ ಪುರಾಣದಲ್ಲೂ ಇದೆ” ಎಂದು ಕಕುದ್ಮಿ ಮಹಾರಾಜನ ಕಥೆಯನ್ನು ತೆಗೆದಳು. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ಅರಸನು ಅಲ್ಲಿ ಗಾನವನ್ನು ಸ್ವಲ್ಪ ಹೊತ್ತು ಆಲಿಸಿ ಹಿಂದಿರುಗುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿದ್ದವೆಂಬುದನ್ನು ಸೊಸೆಯ ಮೂಲಕ ಭಾಷಾಂತರವಾಗಿ ಕೇಳಿದ ಬೀಗಿತ್ತಿಯವರು, “ಪಾಪ, ಆ ಅರಸನೂ ಕುದುರೆಯಿಂದ ಬಿದ್ದನೆ?” ಎಂದು ಕೇಳಿದರು. “ಇಲ್ಲ, ಮಗಳಿಗೆ ಬಲರಾಮನಂಥ ಗಂಡು ಸಿಕ್ಕಿದ” ಎಂದಳು ಇವಳು. ಎರಡು ಜನಾಂಗಗಳ ಮನೋಧರ್ಮದ ಅಂತರವನ್ನು ನಾನು ಗ್ರಂಥಗಳಲ್ಲಿ ಇಷ್ಟು ಚೆನ್ನಾಗಿ ಓದಿಲ್ಲ.

ಈ ಕಥೆಯನ್ನು ದೀರ್ಘ ಲಾವಣಿಯಾಗಿ 1750ರ ಸುಮಾರಿಗೆ ಕಟ್ಟಿದವನು ಕ್ಲೇರ್ ಸೀಮೆಯ ಮೀಹಾಲ್ ಕಿಮೀನ್ ಎಂಬ ಕವಿಯೆಂದು ಪ್ರತೀತಿ. 1889ರಲ್ಲಿ ಯುವಕ ಯೇಟ್ಸ್ ಒಶೀನನ ಅಲೆದಾಟವನ್ನು ಇಂಗ್ಲಿಷ್ ಕಾವ್ಯವಾಗಿ ಬರೆದು ಪ್ರಸಿದ್ಧಿಗೆ ತಂದನು. ಹೀಗಿದ್ದೂ ಆ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವ ರೂಢಿ ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದಲ್ಲಿಯೇ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಕಥೆಗಿಂತ ಹೆಚ್ಚಾಗಿ ಈ ಹೆಸರಿನ ಪ್ರಾಸಬಂಧುಗಳು. ಪ್ರಾಚೀನ ಐರ್ಲೆಂಡಿನಲ್ಲಿ ಕವಿಯಾಗಬೇಕೆಂಬವನು ವರ್ಷಾನುಗಟ್ಟಲೆ ಪಾಠಶಾಲೆಯಲ್ಲಿ ಅಭ್ಯಾಸ ಮಾಡಬೇಕಾಗಿತ್ತು. ಕಿಟಕಿಯಿಲ್ಲದ ಕತ್ತಲ ಕೊಠಡಿಯಲ್ಲಿ ಮಲಗಿ, ಮನಸ್ಸಿನಲ್ಲಿಯೇ ಪದ್ಯವನ್ನು ಪೂರ್ತಿಯಾಗಿ ರಚಿಸಿ, ಆಮೇಲೆ ದೀಪ ತರಿಸಿ ಬರೆಯುವುದು ಅಲ್ಲಿಯ ಕ್ರಮ. ಅವರ ಪ್ರಾಸನಿಯಮ ನಮ್ಮದಕ್ಕೆ ತಲೆಕೆಳಗು. ನಮ್ಮ ಆದಿಪ್ರಾಸದಲ್ಲಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಸ್ವರ ಯಾವುದಾದರೂ ಆಗಬಹುದು. ಅವರಲ್ಲಿ ಸ್ವರ ಕಡ್ಡಾಯವಾಗಿ ಒಂದೇ ಆಗಿರಬೇಕು. ವ್ಯಂಜನಗಳನ್ನು ಮಾತ್ರ ಆರು ವರ್ಗಗಳಾಗಿ ವಿಂಗಡಿಸಿ, ಒಂದು ವರ್ಗದ ಒಳಗಿನದು ಯಾವುದು ಬಂದರೂ ಪ್ರಾಸವೆಂದು ಒಪ್ಪಿದರು. ನಮ್ಮ ಲಾಕ್ಷಣಿಕರು ವರ್ಗಪ್ರಾಸ, ಸಮೀಪಪ್ರಾಸಗಳೆಂದು ಹೇಳಿ ಎರಡನೆಯ ಮಣೆ ಹಾಕಿದುದನ್ನು ಅವರು ಸಿಂಹಾಸನದಲ್ಲಿ ಕೂರಿಸಿದರೆನ್ನಬಹುದು. ಈ ಹೆಸರಿನ ಕೊನೆಯ ಮೃದು ವಕಾರವು ಲಕಾರ, ನಕಾರ, ರೇಫಗಳ ಹಗುರ ವರ್ಗಕ್ಕೆ ಸೇರಿದ್ದು. ಹಳೆಯ ಉಚ್ಚಾರಣೆಯಲ್ಲಿ ಅದು ‘ನೀಅವ್’. ಬೀಗಿತ್ತಿಯವರ ಬಾಯಲ್ಲಿ ಆ ನಡುವಿನ ಅಕಾರದ ಎಳೆ ಈಗಲೂ ಕೇಳಿಸುತ್ತದೆ. ಆದ್ದರಿಂದ ಆ ಕವಿಗಳ ಕಿವಿಗೆ ನೀಅವ್ ಎಂಬುದು ಬೆಟ್ಟವೆಂಬರ್ಥದ ‘ಶ್ಲೀಅವ್’, ಉದಾರವೆಂಬರ್ಥದ ‘ಫೀಅಲ್’, ಸೂರ್ಯನೆಂಬರ್ಥದ ‘ಗ್ರೀಅನ್’ ಇವೆಲ್ಲದರೊಡನೆಯೂ ನಿರ್ದುಷ್ಟವಾಗಿ ಪ್ರಾಸವಾಗುತ್ತಿತ್ತು. ಪ್ರಭೆಯೆಂಬರ್ಥದ ಹೆಸರು ಸೂರ್ಯನೊಡನೆ ಪ್ರಾಸಗೊಳ್ಳುವುದೆಂದರೆ ಕವಿಗೆ ಅರ್ಧ ಪದ್ಯ ಪುಕ್ಕಟೆಯಾಗಿ ದೊರೆತಂತೆಯೇ ಸರಿ. ಇಂದಿನ ಡಬ್ಲಿನ್ನಿನ ಶಾಲೆಯಲ್ಲಿ ಮಕ್ಕಳು ಇಂಗ್ಲಿಷಿನ ರೀತಿಯಲ್ಲಿ ಜೋಡಿಸಿದರೆ ಇದಕ್ಕೆ ಸಿಕ್ಕುವುದು ‘ಲೀವ್’, ‘ಸ್ಲೀವ್’ ಎಂಬುವು: ಬಿಟ್ಟುಹೋಗುವುದು, ಅಂಗಿಯ ತೋಳು. ಈ ವಿನಿಮಯದಲ್ಲಿ ಹೆಸರಿಗೆ ನಷ್ಟವಾಗಿದೆಯೆಂದೇ ನನ್ನ ಅಭಿಪ್ರಾಯ.

ಕನ್ನಡದಲ್ಲಿ ಹೇಗೆ? ದೀರ್ಘಸ್ವರದ ಮುಂದೆ ಪ್ರಾಸಾಕ್ಷರ ಬಂದರೆ ಅದನ್ನು ನಮ್ಮ ಛಂದಸ್ಸಿನವರು ಗಜಪ್ರಾಸವೆಂದರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಪ್ರಾಸವನ್ನು ತ್ಯಜಿಸಿದರೂ ಅಜ್ಜಿಯರು ಇನ್ನೂ ತ್ಯಜಿಸಿಲ್ಲ. ಜೋಗುಳಕ್ಕೆಂದು ನನ್ನ ಹೆಂಡತಿ ಹೂವು, ಮಾವು, ಬೇವುಗಳನ್ನು ಆರಿಸಿಕೊಂಡಳು. ನೋವು, ಸಾವುಗಳನ್ನು ಹೊರಗಟ್ಟಿದಳು. ಹಾವಿನ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ತೊಟ್ಟಿಲ ಹಾಡಿನಲ್ಲಿ ಹಾವು ಕೂಡದೆಂದು ಇವಳು; ಸಂತ ಪ್ಯಾಟ್ರಿಕ್ ಓಡಿಸಿದನೆಂದು ಜನ ಹೇಳುವರಾದರೂ ಐರ್ಲೆಂಡಿನಲ್ಲಿ ಹಾವು ಮೊದಲಿನಿಂದಲೂ ಇಲ್ಲವೆಂದೂ, ಇಲ್ಲದ ಪ್ರಾಣಿಯಿಂದ ಮಗುವಿಗೆ ಯಾವ ಭಯವೂ ಇರದೆಂದೂ ಬೀಗಿತ್ತಿಯವರು. ಹಾವು ಉಳಿಯಿತು.

ಇಷ್ಟು ಸ್ವಚ್ಛಂದವಾಗಿ ಹೆಸರಿಡುವ ಸ್ವಾತಂತ್ರ್ಯ ಬೀಗಿತ್ತಿಯವರ ಪೂರ್ವಿಕರಿಗೆ ಇರಲಿಲ್ಲ. ಇಂಗ್ಲಿಷರ ಆಳ್ವಿಕೆಯಲ್ಲಿ ದಾಖಲೆಪುಸ್ತಕವನ್ನು ಬರೆಯುವವನು ತನ್ನ ನಾಲಗೆಗೆ ಒಗ್ಗದ ಹೆಸರುಗಳಿಗೆ ಇಂಗ್ಲಿಷ್ ಹೆಸರುಗಳನ್ನು ಬದಲಾಗಿ ಇಡುತ್ತಿದ್ದನು. ಶಿವಾನ್ ಎಂಬವಳು ಜೊಹಾನ್ನಾ ಆದಳು, ಗ್ರಾನ್ಯ ಗ್ರೇಸ್ ಆದಳು, ಟೈಗ್ ಎಂಬವನು ಅರ್ಥದಲ್ಲಾಗಲಿ ಶಬ್ದದಲ್ಲಾಗಲಿ ಯಾವ ನಂಟೂ ಇಲ್ಲದ ತಿಮೋತಿಯಾದನು. ಮಡಿಕೇರಿಯು ಮರ್ಕೆರಾ ಆದುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. 1892ರಲ್ಲಿ ಡಗ್ಲಸ್ ಹೈಡ್ ಡಬ್ಲಿನ್ನಿನಲ್ಲಿ ಮಾಡಿದ ಭಾಷಣವೊಂದರಲ್ಲಿ ತನ್ನ ಜನ ತಮ್ಮ ಭಾಷೆಯನ್ನೂ ಹೆಸರುಗಳನ್ನೂ ಕಳೆದುಕೊಂಡದ್ದಕ್ಕಾಗಿ ಅವರನ್ನು ತರಾಟೆಗೆ ತೆಗೆದುಕೊಂಡನು. ಮರುವರ್ಷ ಹುಟ್ಟಿದ ಗೇಲಿಕ್ ಲೀಗ್ ಎಂಬ ಸಂಘ ಅವುಗಳನ್ನು ಮರಳಿ ತರುವ ಕೆಲಸಕ್ಕೆ ಕೈಹಾಕಿತು. ಅದೇ ನವೋದಯದ ಗಾಳಿಯಲ್ಲಿ ಬೆಳೆದ ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದನು. 1924ರಲ್ಲಿ ಮೈಸೂರಿನಲ್ಲಿ, ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ತನ್ನನ್ನು ಕಾಣಲು ಬಂದ ವಿದ್ಯಾರ್ಥಿಯೊಬ್ಬನಿಗೆ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದವನು ಅವನೇ. ಆ ವಿದ್ಯಾರ್ಥಿ ಕುಪ್ಪಳಿಯ ಪುಟ್ಟಪ್ಪನವರು. ಹೇಳಿದಾತ ಸ್ವತಃ ಇಂಗ್ಲಿಷಿನಲ್ಲಿಯೇ ಬರೆದನೆಂಬುದು ಬೇರೆ ಮಾತು. ಕಳೆದುಕೊಂಡವನ ಬುದ್ಧಿವಾದಕ್ಕೆ ತೂಕ ಹೆಚ್ಚು. ಈ ಋಣವನ್ನು ನಾನು ಬೀಗಿತ್ತಿಯವರಿಗೆ ತಿಳಿಸಿದಾಗ ಅವರು, ಕಸಿನ್ಸನ ಹೆಸರನ್ನು ತಾವು ಕೇಳಿಯೇ ಇಲ್ಲವೆಂದರು. ಅವನ ಊರಿನವರು ಮರೆತರೂ ನಾವು ಮರೆಯುವಂತಿಲ್ಲ.

ಕಡೆಯದಾಗಿ ಕನ್ನಡದಲ್ಲಿ ಬರೆಯುವವರಲ್ಲಿ, ವಿಶೇಷವಾಗಿ ಪತ್ರಿಕೆಗಳ ಸಂಪಾದಕರಲ್ಲಿ, ಒಂದು ವಿಜ್ಞಾಪನೆ. ಐರಿಷ್ ಹೆಸರುಗಳನ್ನು ರೋಮನ್ ಅಕ್ಷರಗಳ ಮುಖ ನೋಡಿ ಕನ್ನಡಕ್ಕೆ ಇಳಿಸಬೇಡಿ. ಬಿ ಮತ್ತು ಎಚ್ ಕೂಡಿದಲ್ಲೆಲ್ಲ ಭಕಾರವನ್ನು ಬರೆದು ಶಿವಾನಳನ್ನು ‘ಸಿಯೋಭಾನ್’ ಮಾಡಬೇಡಿ. ಈಫಳು ಈಫಳಾಗಿಯೂ, ಶಿನೇಡಳು ಶಿನೇಡಳಾಗಿಯೂ ಇರಲಿ. ಆ ನಾಡಿನ ಪ್ರಧಾನಿಯ ಪದವಿನಾಮವನ್ನು ಬರೆಯಬೇಕಾದಾಗ ‘ಟೀಶಖ್’ ಎಂದು ಬರೆಯಿರಿ. ಆಡುವವರ ಬಾಯಿಂದ ಒಮ್ಮೆ ಕೇಳಿದರೆ ಸಾಕು. ಕೇಳಿದ್ದನ್ನು ಕೇಳಿದಂತೆ ಬರೆಯುವುದಕ್ಕೆ ನಮ್ಮ ಲಿಪಿಯಲ್ಲಿ ಇಂಗ್ಲಿಷಿನವರ ಬರವಣಿಗೆಗಿಂತ ಹೆಚ್ಚು ಸೌಕರ್ಯವಿದೆ.