ಬಲ್ಮಠದ ಏರಿನಲ್ಲಿ ಇಂಗ್ಲಿಷ್ ಮಾತು

ಮಂಗಳೂರಿನ ಹಂಪನಕಟ್ಟೆಯಿಂದ ಬಲ್ಮಠಕ್ಕೆ ಹೋಗುವ ರಸ್ತೆ ಏರುದಾರಿ. ಬಸ್ಸಿನಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರಿನತ್ತ ಇಳಿದರೆ ಬ್ಯಾರಿ, ಫಲಕಗಳಲ್ಲಿ ಕನ್ನಡ. ಇಷ್ಟು ಭಾಷೆಗಳ ನಡುವೆ ಬೆಳೆದವರಿಗೆ ಇನ್ನೊಂದು ಭಾಷೆ ಭಾರವೇ? ಇಂಗ್ಲಿಷಿನ ದೊಡ್ಡ ಪದಗಳೇನೋ ಬೇಗ ಬರುತ್ತವೆ. ಎಡವುವುದು ಪುಟ್ಟ ಪದಗಳಲ್ಲಿ.

ಈ ಊರಿನ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತವರು ಕೊಲ್ಲಿಗೂ ಇಂಗ್ಲೆಂಡಿಗೂ ಹೋಗುತ್ತಾರೆ. ಔಷಧಗಳ ಹೆಸರು ಅವರಿಗೆ ಬಾಯಿಪಾಠ. ಆದರೆ ಅಲ್ಲಿ ರೋಗಿಯ ಮಗಳು ತಂದೆಯ ಬಗ್ಗೆ ‘ಬಾಟಲ್ ಅಪ್’, ‘ಓಪನ್ ಅಪ್’, ‘ಗೆಟ್ ಥ್ರೂ’ ಎಂದು ಹೇಳುತ್ತಾ ಹೋದರೆ? ಸೀಸೆ, ತೆರೆದ ಬಾಗಿಲು ಇಷ್ಟೇ ಕಣ್ಣಮುಂದೆ ಬಂದೀತು. ನೋವನ್ನು ಒಳಗೇ ಅದುಮಿಡುವುದು, ಮನಬಿಚ್ಚುವುದು, ಮನಸ್ಸನ್ನು ತಲುಪುವುದು ಎಂಬ ಅರ್ಥ ಬಿಡಿಪದಗಳಲ್ಲಿ ಇಲ್ಲವೇ ಇಲ್ಲ. ಸೋಡಿಯಂ ನೀರಿಗೆ ಬಿದ್ದರೆ ಸಿಡಿಯುತ್ತದೆ, ಕ್ಲೋರಿನ್ ವಿಷಾನಿಲ. ಎರಡೂ ಕೂಡಿದರೆ ಊಟದ ಉಪ್ಪು. ಉಪ್ಪಿನ ರುಚಿಯನ್ನು ಸೋಡಿಯಂನಲ್ಲಿ ಹುಡುಕಿದರೆ ಸಿಕ್ಕೀತೆ?

ಕನ್ನಡಿಗರಿಗೆ ಇದು ಹೊಸದಲ್ಲ. ‘ಹೇಳು’ ಎಂಬುದಕ್ಕೆ ‘ಬಿಡು’ ಸೇರಿ ‘ಹೇಳಿಬಿಡು’ ಆದರೆ, ತಡೆಹಿಡಿದದ್ದನ್ನು ಹೊರಹಾಕು ಎಂದರ್ಥ. ‘ಕೊಳ್ಳು’ ಸೇರಿದರೆ ‘ಹೇಳಿಕೊಳ್ಳು’, ಅಂದರೆ ನಂಬಿದವರ ಮುಂದೆ ದುಃಖ ತೋಡಿಕೊಳ್ಳು. ಇಲ್ಲಿ ಬಿಡುವುದೇನು, ಕೊಳ್ಳುವುದೇನು ಎಂದು ಯಾವ ಮಗುವೂ ಕೇಳುವುದಿಲ್ಲ. ಯಾರು, ಯಾರಿಗೆ, ಯಾವಾಗ ಹೇಳಿದರು ಎಂಬುದರ ಜೊತೆಗೇ ಮಾತನ್ನು ಎತ್ತಿಕೊಳ್ಳುತ್ತದೆ. ಇಂಗ್ಲಿಷ್ ಪಾಠದಲ್ಲಿ ಮಾತ್ರ ಪಟ್ಟಿ ಕೊಟ್ಟು ಉರು ಹೊಡೆಸುವುದು ಯಾಕೋ!

ಬಲ್ಮಠದ ಗುಡ್ಡಕ್ಕೆ ಈ ಕಷ್ಟದ ಪರಿಚಯ ಹಳೆಯದು. ಆಗ ದಿಕ್ಕು ಮಾತ್ರ ತಿರುವುಮುರುವು. 1834ರಲ್ಲಿ ಮಂಗಳೂರಿಗೆ ಕಾಲಿಟ್ಟ ಬಾಸೆಲ್ ಮಿಷನ್ನಿನ ಪಾದ್ರಿಗಳ ಉದ್ದೇಶ ಮತಪ್ರಚಾರ. ಆದರೆ ಬರಿಯ ವ್ಯಾಕರಣದಿಂದ ಜನರ ಮನ ಮುಟ್ಟಲಾಗದು ಎಂಬುದನ್ನು ಅವರು ಕಂಡುಕೊಂಡರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಗಾದೆಗಳನ್ನೂ ದಾಸರ ಪದಗಳನ್ನೂ ಕೂಡಿಹಾಕಿದರು. ಮುಂದೆ 1886ರಲ್ಲಿ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಇದೇ ಊರಿನಲ್ಲಿ ಅಚ್ಚಾದವು. ಕಿಟ್ಟೆಲ್ ಪದಕ್ಕೆ ಅರ್ಥ ಕೊಟ್ಟು ಸುಮ್ಮನಾಗದೆ, ಅದು ಬಳಕೆಯಾಗುವ ಗಾದೆಗಳನ್ನೂ ಜೊತೆಗಿಟ್ಟರು.

ಏರು ಇಳಿದು ಮತ್ತೆ ಹಂಪನಕಟ್ಟೆಗೆ ಬಂದರೆ ವೆನ್ಲಾಕ್ ಆಸ್ಪತ್ರೆ. ಘಟ್ಟದ ಮೇಲಿನಿಂದ ನರ್ಸಿಂಗ್ ಕಲಿಯಲು ಬಂದ ಹುಡುಗಿಯರಿಗೆ ಇಲ್ಲಿ ಇಂಗ್ಲಿಷಿಗಿಂತ ಮೊದಲು ಬೇಕಾಗುವುದು ತುಳುವಿನ ‘ಎಂಚ ಉಲ್ಲರ್?’ ಹಳ್ಳಿಯ ಅಜ್ಜಿ ಅದನ್ನು ಕೇಳಿದ ಮೇಲೆಯೇ ಎಲ್ಲಿ ನೋಯುತ್ತದೆಂದು ಹೇಳಿಕೊಳ್ಳುವುದು.