ಎಳೆ ಕಡಿದದ್ದು ಎಲ್ಲಿ?

ರಾಮನಗರಕ್ಕೂ ಸಮುದ್ರಕ್ಕೂ ಇನ್ನೂರು ಕಿಲೋಮೀಟರಿಗಿಂತ ಹೆಚ್ಚಿನ ಅಂತರ. ಇಲ್ಲಿಯ ಜನಕ್ಕೆ ದೋಣಿಯೆಂದರೆ ಕನಕಪುರದಾಚೆ ಸಂಗಮದಲ್ಲಿ ತೆಪ್ಪ ಹತ್ತಿ ಹೊಳೆ ದಾಟಿ, ಮೇಕೆದಾಟು ನೋಡಿ ಬಂದ ನೆನಪು. ಅದಕ್ಕಿಂತ ಹೆಚ್ಚಿನ ನಂಟು ಏನೂ ಇಲ್ಲ. ಇಂಥ ಊರಿನ ರೇಷ್ಮೆ ರೀಲರೊಬ್ಬರ ಮಗ, ದೋಣಿಯ ಜಾಡು ತೋರಿಸುವ ಕಂಪ್ಯೂಟರಿನ ಮುಂದೆ ಕೂತು ಬೆವರಿದ ಎಂದರೆ ಯಾರಿಗಾದರೂ ನಗು ಬಂದೀತು. ಅವನ ಅಮ್ಮನಿಗೂ ಬಂತು. "ಸಿವಿಲ್ ಇಂಜಿನಿಯರು ಅಂದ್ರೆ ಮನೆ ಕಟ್ತಾರೆ ಅಂದ್ಕೊಂಡಿದ್ದೆ. ನೀನು ನೀರ ಮೇಲೆ ಏನ್ ಕಟ್ತೀಯಪ್ಪಾ?" ಎಂದು ಆಕೆ ಕೇಳಿದರು.

ಹುಡುಗ ಹೊರಟದ್ದು ಕಟ್ಟುವುದಕ್ಕಲ್ಲ, ಅಳೆಯುವುದಕ್ಕೆ. ಚನ್ನಪಟ್ಟಣ ತಾಲ್ಲೂಕಿನ ಕಣ್ವ ಜಲಾಶಯ 1946ರಲ್ಲಿ ಕಟ್ಟಿದ್ದು. ಮಳೆಗಾಲದಲ್ಲಿ ನೀರಿನ ಜೊತೆಗೆ ಮಣ್ಣೂ ಬರುತ್ತದೆ. ನೀರು ಕಾಲುವೆಗೆ ಹೋಗುತ್ತದೆ, ಮಣ್ಣು ತಳದಲ್ಲಿ ಉಳಿಯುತ್ತದೆ. ದಡದಲ್ಲಿ ನಿಂತವನಿಗೆ ಕೆರೆ ತುಂಬಿರುವುದು ಕಾಣುತ್ತದೆಯೇ ಹೊರತು, ಅದರಲ್ಲಿ ನೀರೆಷ್ಟು ಹೂಳೆಷ್ಟು ಎಂಬುದು ಕಾಣುವುದಿಲ್ಲ. ಇಂಥ ಸಮೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಸಂಸ್ಥೆ ನಮ್ಮಲ್ಲೇ ಇದೆ, ಕೃಷ್ಣರಾಜಸಾಗರದ ಕರ್ನಾಟಕ ಇಂಜಿನಿಯರಿಂಗ್ ಸಂಶೋಧನಾ ಕೇಂದ್ರ. ಹುಡುಗ ಮತ್ತು ಅವನ ಮಾಗಡಿಯ ಗೆಳೆಯ ಅದನ್ನೇ ಚಿಕ್ಕ ಮಟ್ಟದಲ್ಲಿ, ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ಮಾಡಹೊರಟಿದ್ದರು. ಉಪಕರಣಗಳು ಎರವಲು ಸಿಕ್ಕಿದ್ದು ಎರಡೇ ದಿನಕ್ಕೆ.

ವಿಧಾನ ಕೇಳುವುದಕ್ಕೆ ಸರಳ. ದೋಣಿಯ ಪಕ್ಕದಲ್ಲಿ ನೀರಿಗೆ ಇಳಿಬಿಟ್ಟ ಉಪಕರಣವೊಂದು ಶಬ್ದದ ಮಿಡಿತವನ್ನು ತಳಕ್ಕೆ ಕಳಿಸಿ, ಅದು ಮರಳಿ ಬರಲು ಹಿಡಿದ ಹೊತ್ತನ್ನು ಎಣಿಸುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ಹೀಗಾಗಿ ಹೋಗಿಬರುವ ಕಾಲದಿಂದ ಆಳ ಗೊತ್ತಾಗುತ್ತದೆ. ಇನ್ನೊಂದು ಉಪಕರಣ ಜಿಪಿಎಸ್. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಗಳ ಸಂಕೇತ ಹಿಡಿದು ದೋಣಿ ಎಲ್ಲಿದೆ ಎಂದು ಹೇಳುವುದು ಅದರ ಕೆಲಸ. ಎರಡನ್ನೂ ಲ್ಯಾಪ್‌ಟಾಪಿಗೆ ಜೋಡಿಸಿದರೆ ಸಾಫ್ಟ್‌ವೇರು ಇಂಥ ಜಾಗದಲ್ಲಿ ಇಷ್ಟು ಆಳ ಎಂದು ಬರೆದಿಡುತ್ತದೆ. ಎರಡರಲ್ಲಿ ಒಂದು ಮೌನವಾದರೂ ಉಳಿದದ್ದರ ಮಾತಿಗೆ ಬೆಲೆಯಿಲ್ಲ.

ಮೊದಲ ದಿನ ಮೌನವಾದದ್ದು ಜಿಪಿಎಸ್. ಅದರ ಪುಟ್ಟ ಪರದೆಯ ಮೇಲೆ ಉಪಗ್ರಹಗಳು ಕಾಣುತ್ತಿದ್ದವು, ಅಕ್ಷಾಂಶ ರೇಖಾಂಶಗಳೂ ಬರುತ್ತಿದ್ದವು. ಲ್ಯಾಪ್‌ಟಾಪಿನಲ್ಲಿ ಮಾತ್ರ ದೋಣಿಯ ಗುರುತೇ ಇಲ್ಲ. ಸಾಲದ್ದಕ್ಕೆ ಮೌಸಿನ ಬಾಣ ತಾನೇ ತಾನಾಗಿ ಪರದೆಯ ತುಂಬ ಕುಣಿಯತೊಡಗಿತು. ಯಾರೂ ಮುಟ್ಟದೆ ಫೈಲುಗಳು ತೆರೆದುಕೊಂಡವು. "ವೈರಸ್ ಕಣೋ" ಎಂದ ಗೆಳೆಯ. ವೈರಸ್ ಹುಡುಕುವುದರಲ್ಲಿ ಒಂದು ಗಂಟೆ ಹೋಯಿತು. ಆಮೇಲೆ ಸಾಫ್ಟ್‌ವೇರನ್ನು ಕಿತ್ತು ಮತ್ತೆ ಹಾಕಿದರು. ತಂತಿಯನ್ನು ಆ ಕಿಂಡಿಯಿಂದ ಈ ಕಿಂಡಿಗೆ ಬದಲಾಯಿಸಿದರು. ಒಂದೇ ಹೊತ್ತಿಗೆ ನಾಲ್ಕು ಕಡೆ ಕೈಯಾಡಿಸಿ, ಯಾವುದನ್ನು ಬದಲಾಯಿಸಿದೆವು ಎಂಬುದೇ ಮರೆಯುವ ಸ್ಥಿತಿಗೆ ಬಂದರು. ದೋಣಿಯವನು ಬೀಡಿ ಹಚ್ಚಿ ಸುಮ್ಮನೆ ನೋಡುತ್ತಿದ್ದ. ಸಂಜೆಯಾಯಿತು. ಒಂದು ಗೆರೆಯೂ ಅಳೆದಿರಲಿಲ್ಲ.

ಬಸ್ಸಿನಲ್ಲಿ ಮರಳುವಾಗ ಗೆಳೆಯ ಮೆಲ್ಲನೆ ಅಂದ, "ಹಿಂದಿನ ಬ್ಯಾಚಿನವರ ರಿಪೋರ್ಟ್ ಲೈಬ್ರರಿಲಿದೆ. ಅಂಕಿಗಳನ್ನ ಸ್ವಲ್ಪ ಆಕಡೆ ಈಕಡೆ ಮಾಡಿದ್ರೆ ಯಾರಿಗ್ ಗೊತ್ತಾಗುತ್ತೆ?" ಹುಡುಗ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ.

ಮನೆಗೆ ಬಂದಾಗ ಅಪ್ಪ ಇನ್ನೂ ಫಿಲೇಚರಿನಲ್ಲೇ ಇದ್ದರು. ಬಿಸಿನೀರಿನಲ್ಲಿ ಬೆಂದ ಗೂಡುಗಳ ವಾಸನೆ, ರಾಟೆಯ ಗರಗರ ಸದ್ದು. ಮಗನ ಮುಖ ನೋಡಿಯೇ ಅವರಿಗೆ ಅರ್ಧ ಅರ್ಥವಾಯಿತು. ಹುಡುಗ ಎಲ್ಲವನ್ನೂ ಹೇಳಿಕೊಂಡ. ಉಪಗ್ರಹ, ತಂತಿ, ಸಾಫ್ಟ್‌ವೇರು ಯಾವುದೂ ಅಪ್ಪನಿಗೆ ತಿಳಿಯದ ವಿಷಯ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಳೆ ಕಡಿದದ್ದು ಎಲ್ಲಿ ಅಂತ ನೋಡಿದ್ಯಾ?"

ಹುಡುಗ ಸುಮ್ಮನಿದ್ದ.

"ನಮ್ಮಲ್ಲಿ ರಾಟೆಗೆ ನೂಲು ಬರ್ಲಿಲ್ಲ ಅಂದ್ರೆ ಮಿಷನ್ ಬಿಚ್ತೀವೇನ್ಲಾ? ಮೊದ್ಲು ಗೂಡು ನೋಡ್ತೀವಿ, ಅದರಿಂದ ಎಳೆ ಬತ್ತದಾ ಅಂತ. ಆಮೇಲೆ ಎಳೆ ಹಾಯೋ ಕಿಂಡಿ. ಆಮೇಲೆ ರಾಟೆ. ನೀರಿಂದ ಮೇಲಕ್ಕೆ ಒಂದೊಂದೇ. ತುದಿ ಸಿಗೋವರ್ಗೂ ಬೇರೆ ಯಾವುದ್ನೂ ಮುಟ್ಬಾರ್ದು."

ಒಳ್ಳೆಯ ಗೂಡೊಂದರಲ್ಲಿ ನೂರಾರು ಮೀಟರು ಉದ್ದದ ಎಳೆ ಇರುತ್ತದೆ. ಅದರ ತುದಿಯನ್ನು ಬರಿಗಣ್ಣಿನಲ್ಲಿ ಹುಡುಕಿ ದಶಕಗಳನ್ನು ಕಳೆದವರ ಮಾತು ಅದು. ಊಟ ಮುಗಿಸಿದ ಹುಡುಗ ಲ್ಯಾಪ್‌ಟಾಪು, ಜಿಪಿಎಸ್ ಎರಡನ್ನೂ ಹೊತ್ತು ತಾರಸಿ ಹತ್ತಿದ. ಆಳ ಅಳೆಯುವ ಉಪಕರಣವನ್ನು ಬೇಕೆಂದೇ ಕೆಳಗೆ ಬಿಟ್ಟ.

ಮೊದಲು ಗೂಡು. ಜಿಪಿಎಸ್ ಆಕಾಶವನ್ನು ಹಿಡಿದಿದೆಯೆ? ಹಿಡಿದಿದೆ. ಆದರೆ ಹಿಡಿದದ್ದನ್ನು ತಂತಿಯ ಮೂಲಕ ಹೊರಗೆ ಕಳಿಸಲು ಅದಕ್ಕೆ ಹೇಳಲಾಗಿದೆಯೆ? ಸೆಟ್ಟಿಂಗು ತೆರೆದು ನೋಡಿದ, ಹೇಳಲಾಗಿತ್ತು. ದೋಣಿ ಹಡಗುಗಳ ಉಪಕರಣಗಳು ಒಂದಕ್ಕೊಂದು ಮಾತಾಡಲೆಂದೇ ಅಮೆರಿಕದ ರಾಷ್ಟ್ರೀಯ ನೌಕಾ ಎಲೆಕ್ಟ್ರಾನಿಕ್ಸ್ ಸಂಘ ರೂಪಿಸಿದ ಭಾಷೆಯೊಂದಿದೆ. ಎನ್‌ಎಂಇಎ 0183 ಎಂದು ಅದರ ಹೆಸರು. ಇಂದಿಗೂ ಸಣ್ಣ ದೋಣಿಗಳಲ್ಲಿ ಅದೇ ನಡೆಯುತ್ತದೆ. ಡಾಲರ್ ಚಿಹ್ನೆಯಿಂದ ಶುರುವಾಗುವ ಒಂದೊಂದು ಸಾಲಿನಲ್ಲಿ ಸಮಯ, ಅಕ್ಷಾಂಶ, ರೇಖಾಂಶ, ಉಪಗ್ರಹಗಳ ಸಂಖ್ಯೆ ಅಲ್ಪವಿರಾಮಗಳ ನಡುವೆ ಬರುತ್ತವೆ. ಕೊನೆಯಲ್ಲಿ ನಕ್ಷತ್ರ ಚಿಹ್ನೆ, ಅದರಾಚೆ ಸಾಲು ಕೆಡದೆ ಬಂದಿದೆಯೆ ಎಂದು ತಾಳೆ ನೋಡುವ ಸಂಖ್ಯೆ.

ಎರಡನೆಯದು ತಂತಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಹಳೆಯ ಸೀರಿಯಲ್ ಕಿಂಡಿ ಇರುವುದಿಲ್ಲವಾದ್ದರಿಂದ ನಡುವೆ ಯುಎಸ್‌ಬಿ ಅಡಾಪ್ಟರ್ ಹಾಕಬೇಕು. ಅದನ್ನು ಕಂಪ್ಯೂಟರು ಒಂದು ನಂಬರಿನ ಪೋರ್ಟ್ ಎಂದು ಗುರುತಿಸುತ್ತದೆ. ಕಿಂಡಿ ಬದಲಾಯಿಸಿದರೆ ಆ ನಂಬರು ಬದಲಾಗುವುದುಂಟು. ಬೆಳಿಗ್ಗೆ ಮೂರನೆಯ ನಂಬರಿನಲ್ಲಿದ್ದ ಜಿಪಿಎಸ್ ಮಧ್ಯಾಹ್ನ ಏಳಕ್ಕೆ ಹೋಗಿತ್ತು. ಸಾಫ್ಟ್‌ವೇರು ಪಾಪ, ಮೂರರಲ್ಲೇ ಕಾಯುತ್ತಿತ್ತು. ಕುಣಿಯುವ ಬಾಣದ ಗುಟ್ಟೂ ಆಗಲೇ ಬಯಲಾಯಿತು. ಬಿಡದೆ ಮಾತಾಡುತ್ತಿರುವ ಜಿಪಿಎಸ್ಸನ್ನು ಸಿಕ್ಕಿಸಿದಾಗ ವಿಂಡೋಸು ಅದನ್ನು ಹಳೆಯ ಕಾಲದ ಸೀರಿಯಲ್ ಮೌಸ್ ಎಂದು ತಪ್ಪು ತಿಳಿಯುವುದುಂಟು. ಉಪಗ್ರಹ ಕೊಟ್ಟ ಅಂಕಿಗಳೆಲ್ಲ ಬಾಣದ ಕುಣಿತವಾಗಿದ್ದವು! ಡಿವೈಸ್ ಮ್ಯಾನೇಜರಿಗೆ ಹೋಗಿ ಆ ಸುಳ್ಳು ಮೌಸನ್ನು ನಿಷ್ಕ್ರಿಯಗೊಳಿಸಿದ. ಕುಣಿತ ನಿಂತಿತು.

ಮೂರನೆಯದು ವೇಗ. ಪೋರ್ಟಿನಲ್ಲಿ ಏನು ಹರಿಯುತ್ತಿದೆ ಎಂದು ಹಾಗೆಯೇ ತೋರಿಸುವ ಸಾದಾ ಟರ್ಮಿನಲ್ ಪ್ರೋಗ್ರಾಂ ತೆರೆದ. ಅಕ್ಷರಗಳು ಬಂದವು, ಆದರೆ ಎಲ್ಲವೂ ಕಲಸುಮೇಲೋಗರ. ಜಿಪಿಎಸ್ ಸೆಕೆಂಡಿಗೆ 4,800 ಬಿಟ್ಟುಗಳ ವೇಗದಲ್ಲಿ ಮಾತಾಡುತ್ತಿತ್ತು, ಆ ಭಾಷೆಯ ಮೂಲ ವೇಗವೇ ಅದು. ಕಂಪ್ಯೂಟರು 9,600ರ ವೇಗದಲ್ಲಿ ಕೇಳಿಸಿಕೊಳ್ಳುತ್ತಿತ್ತು. ವೇಗ ಸರಿಪಡಿಸಿದ ಮರುಕ್ಷಣ ಡಾಲರ್ ಚಿಹ್ನೆಯ ಸಾಲುಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಟರ್ಮಿನಲ್ಲನ್ನು ಮುಚ್ಚಿ ಸಾಫ್ಟ್‌ವೇರನ್ನು ತೆರೆದ. ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ಹಿಡಿದುಕೊಳ್ಳಬಹುದಾದ್ದರಿಂದ ಮುಚ್ಚುವುದೂ ಮುಖ್ಯ.

ಖುಷಿಯಲ್ಲಿ ಅವನು ಒಂದು ಸಾಲಿನ ಅಂಕಿಗಳನ್ನು ನಕ್ಷೆಗೆ ಹಾಕಿ ನೋಡಿದ. ಅವನ ಮನೆಯ ತಾರಸಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ, ಮಂಡ್ಯ ಜಿಲ್ಲೆಯ ಹಲಗೂರಿನ ಕಡೆಗೆ ಹೋಗಿ ಕೂತಿತ್ತು. ಸಾಲಿನಲ್ಲಿದ್ದದ್ದು 1243.25. ಅವನು ಅದನ್ನು 12.4325 ಡಿಗ್ರಿ ಎಂದು ಓದಿದ್ದ. ಅದು ನಿಜಕ್ಕೂ 12 ಡಿಗ್ರಿ, 43.25 ಮಿನಿಟು. ಮಿನಿಟುಗಳನ್ನು ಅರವತ್ತರಿಂದ ಭಾಗಿಸಿದರೆ 12.7208 ಡಿಗ್ರಿ. ತಾರಸಿ ರಾಮನಗರಕ್ಕೆ ಮರಳಿತು. ಇಲ್ಲಿ ಕೆಟ್ಟದ್ದು ಯಂತ್ರವಲ್ಲ, ಓದಿದ ಕಣ್ಣು.

ಆ ತಾರಸಿಯಿಂದ ಈಶಾನ್ಯಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಬ್ಯಾಲಾಳು ಇದೆ. 2008ರಲ್ಲಿ ಚಂದ್ರಯಾನದ ಮಾತು ಕೇಳಲೆಂದು ಇಸ್ರೋ ದೊಡ್ಡ ಆಂಟೆನಾಗಳನ್ನು ನಿಲ್ಲಿಸಿದ ಊರು ಅದು. ನಮ್ಮದೇ ಪಥದರ್ಶಕ ವ್ಯವಸ್ಥೆ 'ನಾವಿಕ್'ನ ಕೇಂದ್ರವೂ 2013ರಲ್ಲಿ ಅಲ್ಲೇ ಆರಂಭವಾಯಿತು. ಅಲ್ಲಿಯ ಕೆಲಸದಲ್ಲೂ ಎಳೆ ಕಡಿಯುವುದುಂಟು. 2025ರ ಜನವರಿ 29ರಂದು ಶ್ರೀಹರಿಕೋಟದ ನೂರನೆಯ ಉಡಾವಣೆಯಲ್ಲಿ ಮೇಲೇರಿದ ನಾವಿಕ್ ಉಪಗ್ರಹ ಎನ್‌ವಿಎಸ್-02 ತನ್ನ ನಿಗದಿತ ಕಕ್ಷೆ ಸೇರಲಾಗಲಿಲ್ಲ. ರಾಕೆಟ್ ತನ್ನ ಕೆಲಸ ಮಾಡಿತ್ತು. ಆದರೆ ಉಪಗ್ರಹದ ಎಂಜಿನ್ನಿಗೆ ಆಕ್ಸಿಡೈಸರ್ ಬಿಡುವ ಕವಾಟಗಳು ತೆರೆಯಲಿಲ್ಲ. ಅದನ್ನು ಇಸ್ರೋ ಮುಚ್ಚಿಡಲಿಲ್ಲ, ಇಂಥದ್ದು ತೆರೆಯಲಿಲ್ಲ ಎಂದು ಕೆಲವೇ ದಿನಗಳಲ್ಲಿ ಹೇಳಿತು.

ಎರಡನೆಯ ದಿನ ಬೆಳಿಗ್ಗೆ ಏರಿಯ ಮೇಲೆ ಗುರುತು ಹಾಕಿಕೊಂಡ ಜಾಗದಲ್ಲಿ ಜಿಪಿಎಸ್ ಏನು ಹೇಳುತ್ತದೆಂದು ಬರೆದುಕೊಂಡೇ ದೋಣಿ ಇಳಿಸಿದರು. ದೋಣಿಯವನಿಗೂ ತನ್ನದೇ ಲೆಕ್ಕವಿತ್ತು. ಏರಿಯ ಮೇಲಿನ ಮರ ಆಚೆಯ ಬಂಡೆಗೆ ನೇರವಾಗಿ ಬಂದರೆ ಹಳೆಯ ಹಳ್ಳದ ಮೇಲಿದ್ದೇವೆ ಎಂದು ಅರ್ಥ. ಅಲ್ಲಿಗೆ ಬಂದಾಗ ಪರದೆಯಲ್ಲಿ ಆಳ ಇದ್ದಕ್ಕಿದ್ದಂತೆ ಹೆಚ್ಚಿತು. "ಪರವಾಗಿಲ್ಲ, ನಿಮ್ ಮಿಷನ್ನು ಸುಳ್ಳು ಹೇಳಲ್ಲ" ಎಂದು ಅವನು ನಕ್ಕ.

ಹತ್ತಾರು ಗೆರೆಗಳು ಚೆನ್ನಾಗಿ ಸಾಗಿದವು. ಒಮ್ಮೆ ಹುಡುಗನ ಕಣ್ಣು ಸಮಯದ ಅಂಕಿಯ ಮೇಲೆ ಬಿತ್ತು. ಸೆಕೆಂಡುಗಳು ಓಡುತ್ತಿರಲಿಲ್ಲ. ಆಳ ಬದಲಾಗುತ್ತಿತ್ತು, ದೋಣಿಯ ಗುರುತು ಮಾತ್ರ ನಿಂತಲ್ಲೇ ನಿಂತಿತ್ತು. ದೋಣಿಯ ಕುಲುಕಾಟಕ್ಕೆ ಅಡಾಪ್ಟರ್ ಸಡಿಲವಾಗಿ, ಸಾಫ್ಟ್‌ವೇರು ಕೊನೆಗೆ ತಿಳಿದಿದ್ದ ಜಾಗವನ್ನೇ ಪ್ರತಿ ಆಳಕ್ಕೂ ಬರೆಯುತ್ತಾ ಹೋಗಿತ್ತು. ಹೀಗೆ ಇಪ್ಪತ್ತು ನಿಮಿಷ. ಮೊದಲ ದಿನದ ಖಾಲಿ ಪರದೆಗಿಂತ ಇದು ಅಪಾಯಕಾರಿ. ಖಾಲಿಯಿದ್ದರೆ ಕೆಟ್ಟಿದೆಯೆಂದು ಗೊತ್ತಾಗುತ್ತದೆ, ಇಲ್ಲಿ ಎಲ್ಲವೂ ಸರಿಯಾಗಿರುವಂತೆಯೇ ಕಾಣುತ್ತದೆ. ಈ ಬಾರಿ ಅವನು ಗಾಬರಿಯಾಗಲಿಲ್ಲ. ಜಿಪಿಎಸ್ ನೋಡಿದ, ತಂತಿ ನೋಡಿದ, ಸಡಿಲವಾದದ್ದನ್ನು ಬಿಗಿದು ದಾರದಿಂದ ಕಟ್ಟಿದ. ಐದು ನಿಮಿಷದ ಕೆಲಸ. ಮಧ್ಯಾಹ್ನ ಗಾಳಿ ಎದ್ದಿತು. ಜಲಾಶಯದ ಅರ್ಧ ಭಾಗ ಅಳೆಯದೆ ಉಳಿಯಿತು.

ರಿಪೋರ್ಟ್ ಬರೆಯಲು ಕೂತಾಗ ಗೆಳೆಯ ಮತ್ತೆ ಹಳೆಯ ಮಾತು ತೆಗೆದ. ಕಳೆದುಹೋದ ಇಪ್ಪತ್ತು ನಿಮಿಷವನ್ನಂತೂ ಅಕ್ಕಪಕ್ಕದ ಅಂಕಿ ನೋಡಿ ತುಂಬಬಹುದಲ್ಲ? ಉಳಿದ ಅರ್ಧಕ್ಕೆ ಹಿಂದಿನ ರಿಪೋರ್ಟ್ ಇದ್ದೇ ಇದೆ. ಹುಡುಗ ಬಹಳ ಹೊತ್ತು ಯೋಚಿಸಿದ. ಅಂಕಗಳ ಆಸೆ ಅವನಿಗೂ ಇತ್ತು. ಸಾಲ ಮಾಡಿ ಓದಿಸುತ್ತಿರುವ ಅಪ್ಪನ ನೆನಪೂ ಇತ್ತು. ಕೊನೆಗೆ ಅವನು ಕೇಳಿದ, "ನಿಂತ ಗುರುತಿನ ಮೇಲೆ ಆ ಸಾಫ್ಟ್‌ವೇರು ಬರೆದದ್ದೂ ಇದನ್ನೇ ಅಲ್ವೇನೋ?" ಗೆಳೆಯ ಉತ್ತರಿಸಲಿಲ್ಲ. ನಕ್ಷೆಯ ಅರ್ಧ ಭಾಗವನ್ನು ಬಿಳಿಯಾಗಿಯೇ ಬಿಟ್ಟು, ಅದರ ಮೇಲೆ 'ಅಳೆದಿಲ್ಲ' ಎಂದು ಬರೆದದ್ದು ಆ ಗೆಳೆಯನೇ.

ಮೇಷ್ಟರು ರಿಪೋರ್ಟ್ ನೋಡಿ ಒಂದಿಷ್ಟು ಅಂಕ ಕಡಿಮೆಯೇ ಕೊಟ್ಟರು. ಅರ್ಧ ಕೆಲಸಕ್ಕೆ ಪೂರ್ತಿ ಅಂಕ ಹೇಗೆ ಬಂದೀತು? ಆದರೆ ಮುಂದಿನ ವರ್ಷದ ಹುಡುಗಿಯರ ತಂಡಕ್ಕೆ ಅವರು ಕೊಟ್ಟ ಪ್ರಾಜೆಕ್ಟ್ ಆ ಬಿಳಿಯ ಜಾಗವನ್ನು ಅಳೆಯುವುದೇ ಆಗಿತ್ತು.

ಉಪಕರಣದ ಪೆಟ್ಟಿಗೆಯನ್ನು ತೆರೆದಾಗ ಆ ಹುಡುಗಿಯರಿಗೆ ಮುಚ್ಚಳದ ಒಳಗೆ ಅಂಟಿಸಿದ ಕನ್ನಡದ ಚೀಟಿಯೊಂದು ಸಿಕ್ಕಿತು. ಉಪಗ್ರಹ ಹಿಡಿದಿದೆಯೆ, ತಂತಿ ಬಿಗಿಯಿದೆಯೆ, ಪೋರ್ಟ್ ನಂಬರ್ ಎಷ್ಟು, ವೇಗ 4,800 ಇದೆಯೆ, ಬೇರೆ ಪ್ರೋಗ್ರಾಂ ತೆರೆದಿದೆಯೆ, ಸೆಕೆಂಡುಗಳು ಓಡುತ್ತಿವೆಯೆ, ಮಿನಿಟನ್ನು ಅರವತ್ತರಿಂದ ಭಾಗಿಸಿದಿರಾ ಎಂದು ಕ್ರಮವಾಗಿ ಏಳು ಪ್ರಶ್ನೆಗಳು. ಅವೆಲ್ಲಕ್ಕೂ ಮೇಲೆ, ದಪ್ಪ ಅಕ್ಷರದಲ್ಲಿ, ಯಾವ ಕೈಪಿಡಿಯಲ್ಲೂ ಇಲ್ಲದ ಒಂದು ಸಾಲು: 'ತುದಿ ಸಿಗೋವರ್ಗೂ ಬೇರೆ ಯಾವುದ್ನೂ ಮುಟ್ಬಾರ್ದು.'