ಮೂರು ದಿನದ ನೌಕರಿ

ನಮ್ಮ ಮಗಳು ನೆದರ್‌ಲ್ಯಾಂಡ್ಸ್ ದೇಶದ ಐಂಡ್‌ಹೋವನ್ ಊರಾಗ ಇಂಜಿನಿಯರ್ ಇದ್ದಾಳ ಅನ್ನೋದು ನಿಮಗೆಲ್ಲಾ ಗೊತ್ತದ. ಹೋದ ವರ್ಷ ಬಾಣಂತನ ಮುಗಿಸಿ ಕೆಲಸಕ್ಕ ಹೊಳ್ಳಿ ಹೋಗೋ ಮುಂದ ಆಕಿ ವಾರಕ್ಕ 40 ತಾಸು ಇದ್ದದ್ದನ್ನ 24 ತಾಸು ಮಾಡಿಸಿಕೊಂಡಳು. ಸೋಮವಾರ, ಮಂಗಳವಾರ, ಗುರುವಾರ, ಮೂರೇ ದಿನ ಆಫೀಸು. ಈ ಸುದ್ದಿ ಹುಬ್ಬಳ್ಳಿಗೆ ಬಂದು ಮುಟ್ಟೋದ್ರಾಗ ಬ್ಯಾರೇನೇ ಆಗಿತ್ತು. ಒಂದು ಮುಂಜಿವಿ ಮನ್ಯಾಗ ಊಟಕ್ಕ ಕೂತಾಗ ಒಬ್ಬರು, "ವೈನಿ, ನಿಮ್ಮ ಮಗಳನ್ನ ಕೆಲಸದಿಂದ ಅರ್ಧ ತಗದಾರಂತಲ್ರಿ, ಪಾಪ" ಅಂದ್ರು. ನಮ್ಮ ಬೀಗತಿ ಅಂತೂ "ಇಷ್ಟು ಓದಿಸಿ ಪಾರ್ಟ್ ಟೈಮ್ ಮಾಡಸೋದೇನ್ರಿ?" ಅಂತ ಫೋನಿನ್ಯಾಗ ಬ್ಯಾಸರಾ ಮಾಡಿಕೊಂಡ್ರು.

ಅವರು ಹಂಗ ತಿಳಕೊಂಡದ್ದರಾಗ ಆಶ್ಚರ್ಯ ಏನಿಲ್ಲ. ನಮ್ಮ ಕಡೆ ಪಾರ್ಟ್ ಟೈಮ್ ಅಂದ್ರ ದೀಪಾವಳಿ ಮುಂದ ಸೀರಿ ಅಂಗಡ್ಯಾಗ ಎರಡು ತಿಂಗಳು ನಿಲ್ಲೋದು, ಡಾಕ್ಟರ್ ಹತ್ರ ಸಂಜಿಮುಂದ ಚೀಟಿ ಬರಿಯೋದು, ಖಾನಾವಳಿಗೆ ಲೆಕ್ಕದ ಮ್ಯಾಲೆ ರೊಟ್ಟಿ ಬಡದು ಕೊಡೋದು. ಪಿಎಫ್ ಇಲ್ಲ, ಸೂಟಿ ಮಾಡಿದ್ರ ರೊಕ್ಕ ಇಲ್ಲ, ಅವರಿಗೆ ಬ್ಯಾಡಾದ ದಿನ "ನಾಳಿಂದ ಬರಬ್ಯಾಡ್ರಿ" ಅಂದ್ರ ಮುಗೀತು. ಹಿಂಗಾಗಿ ಆ ಮಾತು ಕಿವಿಗೆ ಬಿದ್ದ ಕೂಡಲೇ ನಮಗ ಅದು ಇಳಿದ ನೌಕರಿ ಅನಸ್ತದ.

ನಾನು ಪಿಯುಸಿ ತನಕ ಓದಿದಾಕಿ, ನೌಕರಿ ಮಾಡಿದಾಕಿ ಅಲ್ಲ. ಆದ್ರ ಕೂಸಿನ ಸಲುವಾಗಿ ಮೂರು ತಿಂಗಳು ಅಲ್ಲೇ ಇದ್ದೆ. ಮಗಳನ್ನ ಕೇಳಿ ಕೇಳಿ ತಿಳಕೊಂಡೆ. ಆ ದೇಶದಾಗ ದುಡಿಯೋ ಹೆಣ್ಣುಮಕ್ಕಳೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಪಾರ್ಟ್ ಟೈಮೇ ಮಾಡ್ತಾರ. ನರ್ಸ್, ಸಾಲಿ ಟೀಚರ್, ವಕೀಲರು, ಎಲ್ಲಾರೂ. ಗಂಡಸರೂ ಕಡಿಮಿ ಇಲ್ಲ. ವಾರಕ್ಕ ಒಂದು ದಿನ ಮನ್ಯಾಗಿದ್ದು ಕೂಸು ನೋಡೋ ದಿನಕ್ಕ ಅವರು "ಪಾಪಾದಾಖ್" ಅಂತ ಹೆಸರೇ ಇಟ್ಟಾರ, ಅಂದ್ರ ಅಪ್ಪನ ದಿನ. ನಮ್ಮ ಅಳಿಯಂದ್ರೂ ಶುಕ್ರವಾರ ಸೂಟಿ ಮಾಡಿಕೊಂಡಾರ. ಆವತ್ತು ಕೂಸಿನ ಎರಕೊಳ್ಳೋದು, ಅಂಬಲಿ, ಅರಬಿ ಎಲ್ಲಾ ಅವರದೇ. ಇದನ್ನ ಮಾತ್ರ ನಾನು ಬೀಗತಿಗೆ ಇನ್ನೂ ಹೇಳಿಲ್ಲ, ನೀವೂ ಹೇಳಬ್ಯಾಡ್ರಿ!

ಇದಕ್ಕ ಅಲ್ಲಿ ಕಾನೂನು ಅದ. ಪೂರ್ತಿ ತಾಸಿನವರಿಗೆ ಒಂದು, ಕಡಿಮಿ ತಾಸಿನವರಿಗೆ ಒಂದು ಅಂತ ಭೇದ ಮಾಡಬಾರದು ಅಂತ 1996ರಾಗೇ ಬಂತು. ಮುಂದ 2000ದಾಗ ಇನ್ನೊಂದು ಬಂತು: ತಾಸು ಕಡಿಮಿ ಅಥವಾ ಹೆಚ್ಚು ಮಾಡ್ರಿ ಅಂತ ನೌಕರರು ಕೇಳಬಹುದು. ಕಂಪನಿಯವರು ಸುಮ್ನ ಆಗಂಗಿಲ್ಲ ಅನ್ನಂಗಿಲ್ಲ, ಗಟ್ಟಿ ಕಾರಣ ಬರದು ಕೊಡಬೇಕು. 2016ರಿಂದ ಅದೇ ಕಾನೂನು ಹೊಸಾ ಹೆಸರಿಲೆ ನಡದದ. ಹತ್ತು ಮಂದಿ ಇರೋ ಕಂಪನಿಯಿಂದ ಹಿಡಿದು ದೊಡ್ಡ ಕಂಪನಿ ತನಕ ಎಲ್ಲಾರಿಗೂ ಲಾಗೂ. ಎರಡು ತಿಂಗಳು ಮೊದಲ ಅರ್ಜಿ ಕೊಡಬೇಕು. ಒಂದು ತಿಂಗಳು ಮೊದಲ ಅವರು ಉತ್ತರ ಕೊಡಲಿಲ್ಲ ಅಂದ್ರ ನಾವು ಕೇಳಿದಂಗೇ ಆತು ಅಂತ ಲೆಕ್ಕ. ನಮ್ಮಾಕಿಗೆ ಕುರ್ಚಿ ಅದೇ, ಕೆಲಸ ಅದೇ, ತಾಸಿನ ಪಗಾರ ಅದೇ. ಮೊದಲ 100 ಬರ್ತಿದ್ದಲ್ಲಿ ಈಗ 60 ಬರ್ತದ, ಅಷ್ಟೇ. ಸೂಟಿನೂ ವಾರದ ತಾಸಿನ ನಾಲ್ಕರಷ್ಟು ಅಂತ ಕಾನೂನಿನೊಳಗ ಅದ. 40 ತಾಸಿನವರಿಗೂ ವರ್ಷಕ್ಕ ನಾಲ್ಕು ವಾರ, 24 ತಾಸಿನಾಕಿಗೂ ನಾಲ್ಕು ವಾರ. ದವಾಖಾನಿ ವಿಮಾ ಅಂತೂ ನೌಕರಿಗೆ ಕಟ್ಟಿಲ್ಲ. ಪ್ರತಿಯೊಬ್ಬರೂ ತಾವೇ ಮಾಡಸ್ತಾರ, 18ರ ಒಳಗಿನ ಮಕ್ಕಳಿಗೆ ಕಂತೇ ಇಲ್ಲ.

ಇಷ್ಟು ಕೇಳಿ ಸ್ವರ್ಗ ಅನ್ನಬ್ಯಾಡ್ರಿ. ಕೂಸು ಬಿಡೋ ಕ್ರೆಶ್ ಭಾಳ ತುಟ್ಟಿ, ಹಿಂಗಾಗಿ ತಾಸು ಕಡಿಮಿ ಮಾಡೋರು ಹೆಚ್ಚಾಗಿ ಅವ್ವಂದಿರೇ. ಪ್ರಮೋಶನ್ನು ಮೂರು ದಿನದವರ ಹತ್ರ ನಿಧಾನ ಬರ್ತದ. ವಯಸ್ಸಾದ ಮ್ಯಾಲೆ ಸರಕಾರ ಕೊಡೋ ಪಿಂಚಣಿ ಎಷ್ಟು ತಾಸು ದುಡಿದ್ರಿ ಅಂತ ಕೇಳಂಗಿಲ್ಲ, ಎಷ್ಟು ವರ್ಷ ಆ ದೇಶದಾಗ ಇದ್ರಿ ಅಂತ ನೋಡ್ತದ. ವರ್ಷಕ್ಕ 2%, 50 ವರ್ಷಕ್ಕ ಪೂರ್ತಿ. ಇಪ್ಪತ್ತೇಳನೇ ವಯಸ್ಸಿಗೆ ಹೋದ ನಮ್ಮಾಕಿಗೆ ಅದು ಪೂರ್ತಿ ಆಗಂಗಿಲ್ಲ. ಕಂಪನಿ ಪಿಂಚಣಿ ಪಗಾರದ ಮ್ಯಾಲೆ ಇರ್ತದ, ಅದೂ ಕಡಿಮಿ ಬೀಳ್ತದ. ಅದಕ್ಕ ನಾನು ಆಕಿಗೆ ಹೇಳಿಬಂದೀನಿ: "ಅವ್ವೀ, ಮೂರು ದಿನ ಮಾಡು, ಆದ್ರ ಬಿಡಬ್ಯಾಡ. ನಿನ್ನ ಹೆಸರಿನ ಖಾತೆದಾಗ ತಿಂಗಳಾ ಇಷ್ಟು ಅಂತ ತಗದಿಡು. ಇಬ್ಬರ ಕೂಸಿನ ಸಲುವಾಗಿ ನೀ ಒಬ್ಬಾಕಿ ಕಡಿಮಿ ಮಾಡೀದಿ, ಅಳಿಯಂದ್ರಿಗೂ ಅದರ ಲೆಕ್ಕ ಗೊತ್ತಿರಲಿ."

ಎಲ್ಲಾ ಕಡೆ ಹಿಂಗಿಲ್ಲ. ಆಕಿ ಜಪಾನಿ ಗೆಳತಿ ಒಬ್ಬಾಕಿ ಚಹಾಕ್ಕ ಬಂದಿದ್ದಳು. ಅವರಲ್ಲಿ "ಪಾಟೊ" ಅಂತಾರಂತ, ಹೆಚ್ಚಾಗಿ ಮದುವಿ ಆದ ಹೆಣ್ಣುಮಕ್ಕಳು ಮಾಡೋ ಕೆಲಸ. ಹೆಂಡತಿ ಗಳಿಕೆ ವರ್ಷಕ್ಕ 13 ಲಕ್ಷ ಯೆನ್ ದಾಟಿದ್ರ ಗಂಡನ ವಿಮಾ, ಪಿಂಚಣಿ ನೆರಳಿನಿಂದ ಹೊರಗ ಬಂದು ತಾನೇ ಕಂತು ಕಟ್ಟಬೇಕಾಗ್ತದ. ಅದಕ್ಕ ಅವರು "ಗ್ವಾಡಿ" ಅಂತಾರ. ಆಕಿ ಅವ್ವ ವರ್ಷದ ಕಡೀಕ ಲೆಕ್ಕ ಹಾಕಿ, ಗ್ವಾಡಿ ಹತ್ರ ಬಂತು ಅಂತ ಕೆಲಸಕ್ಕ ಹೋಗೋದೇ ಕಡಿಮಿ ಮಾಡ್ತಿದ್ದರಂತ. ಕೈಯಾಗ ಶಕ್ತಿ ಅದ, ಅಂಗಡ್ಯಾಗ ಕೆಲಸ ಅದ, ಆದ್ರೂ ಮನ್ಯಾಗ ಕೂಡಬೇಕು. ಅಮೇರಿಕಾದಾಗ ನಮ್ಮ ನೆಗೆಣ್ಣಿ ಮಗಳು ಒಂದು ದೊಡ್ಡ ಅಂಗಡ್ಯಾಗ ಇದ್ದಾಳ. ಅಲ್ಲಿಯ 2010ರ ವಿಮಾ ಕಾನೂನಿನ ಪ್ರಕಾರ ವಾರಕ್ಕ 30 ತಾಸು ಆದ್ರ ಪೂರ್ತಿ ನೌಕರಿ. ದೊಡ್ಡ ಕಂಪನಿಗಳು ಅಂಥವರಿಗೆ ವಿಮಾ ಕೊಡಬೇಕು, ಇಲ್ಲಾಂದ್ರ ದಂಡ. 30ಕ್ಕಿಂತ ಕಡಿಮಿ ಇದ್ದವರಿಗೆ ಕೊಡಲೇಬೇಕಂತಿಲ್ಲ. ಆಕಿಗೆ ಪ್ರತಿ ವಾರ 28 ತಾಸೇ ಬರ್ತಾವ. ಇನ್ನೆರಡು ತಾಸು ಕೇಳಿ ಕೇಳಿ ಸೋತಾಳ.

ನಾಲ್ಕು ಕಡೆ ಕೇಳಿದ ಮ್ಯಾಲೆ ನನಗ ಒಂದು ತಿಳೀತು. ತಾಸು ಎಷ್ಟು ಅನ್ನೋದಕ್ಕಿಂತ, ತಾಸಿನ ಕೂಡ ಇನ್ನೇನೇನು ಕತ್ತರಿಸ್ತಾರ ಅನ್ನೋದನ್ನ ನೋಡಬೇಕು. ನಮ್ಮಲ್ಲಿ ಅಂತೂ ತಾಸು ಕಡಿಮಿ ಆಗಂಗೇ ಇಲ್ಲ, ಹೆಸರು ಮಾತ್ರ ಕಡಿಮಿ. ಅಂಗನವಾಡಿ ಟೀಚರಮ್ಮನ್ನ ನೋಡ್ರಿ. ಮಕ್ಕಳಿಗೆ ಪಾಠ, ಊಟ, ತೂಕ, ಬಸುರಿ ಬಾಣಂತ್ಯಾರ ಮನಿಗೆ ಹೋಗೋದು, ರಾತ್ರಿ ಮೊಬೈಲಿನಾಗ ಲೆಕ್ಕ ತುಂಬೋದು. ಅದಕ್ಕ ಸಿಗೋದು ಪಗಾರ ಅಲ್ಲ, ಗೌರವಧನ. 2022ರ ಏಪ್ರಿಲ್‌ದಾಗ ಗುಜರಾತಿನ ಅಂಗನವಾಡಿ ಹೆಣ್ಣುಮಕ್ಕಳ ಕೇಸಿನ್ಯಾಗ ಸುಪ್ರೀಂ ಕೋರ್ಟು, ಇದನ್ನ ಪಾರ್ಟ್ ಟೈಮ್ ಅನ್ನಲಿಕ್ಕೆ ಬರಂಗಿಲ್ಲ, ಇವರಿಗೂ ಗ್ರಾಚುಟಿ ಸಿಗಬೇಕು ಅಂತ ಹೇಳ್ತು. ಸಾಲಿಯೊಳಗ ಬಿಸಿಯೂಟ ಮಾಡೋರಿಗೆ ಕೇಂದ್ರ ಸರಕಾರ 2009ರಾಗ ಗೊತ್ತು ಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕ 10 ತಿಂಗಳು. ಅದರ ಮ್ಯಾಲೆ ರಾಜ್ಯದವರು ಕೂಡಸಿದ್ದಷ್ಟೇ.

ನಮ್ಮ ಓಣ್ಯಾಗಿನ ಒಬ್ಬರ ಸೊಸಿ ಖಾಸಗಿ ಸಾಲ್ಯಾಗ ಗಣಿತ ಕಲಸ್ತಿದ್ದಳು. ಹೆರಿಗಿ ಆಗಿ ಹೋದಾಗ "ಪಾರ್ಟ್ ಟೈಮ್ ಬರ್ರಿ" ಅಂದ್ರು. ಪಗಾರ ಅರ್ಧ ಆತು. ಪಾಠ ಮೂರು ತಾಸು ಕಡಿಮಿ ಆತು ಖರೆ, ಆದ್ರ ಪೇಪರ್ ತಿದ್ದೋದು, ಪಾಲಕರ ಸಭೆ, ಗ್ಯಾದರಿಂಗ್ ಎಲ್ಲಾ ಮೊದಲಿನಂಗೇ. ಪಿಎಫ್ ನಿಂತು ಹೋತು. ಹೋದ ತಿಂಗಳು ಆಕಿ ಮಧ್ಯಾಹ್ನ ನಮ್ಮ ಮನಿಗೆ ಬಂದು, "ಕಾಕೂ, ಬಿಟ್ಟುಬಿಡ್ಲೇನ್ರಿ?" ಅಂತ ಕೇಳಿದಳು. ಅತ್ತಿ ಮನ್ಯಾಗೂ ಬಿಡು ಅಂತಾರಂತ.

ಬಿಡು ಅನ್ನಲಿಕ್ಕೆ ನನಗ ಬಾಯಿ ಬರಲಿಲ್ಲ. ಇಬ್ಬರೂ ಕೂತು ಒಂದು ಹಾಳ್ಯಾಗ ಬರದ್ವಿ: ಎಷ್ಟು ತಾಸು, ಯಾವ ಯಾವ ಕೆಲಸ, ಪಿಎಫ್ ಯಾಕ ನಿಂತಿತು, ಕೂಸು ದೊಡ್ಡದಾದ ಮ್ಯಾಲೆ ಪೂರ್ತಿ ನೌಕರಿ ಹೊಳ್ಳಿ ಸಿಗ್ತದೋ ಇಲ್ಲೋ, ಇದನ್ನೆಲ್ಲಾ ಬರದು ಕೊಡ್ರಿ ಅಂತ. ಆಕಿ ಒಯ್ದು ಕೊಟ್ಟಾಳ. ಸಾಲಿಯವರು ಪೇಪರ್ ತಿದ್ದೋದು ಕಡಿಮಿ ಮಾಡ್ತೀವಿ ಅಂದಾರ, ಪಿಎಫ್ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ. ಬರೋ ಜೂನ್ ತನಕ ನೋಡ್ತೀನಿ ಅಂತಾಳ. ಅಲ್ಲಿ ತನಕ ಮಧ್ಯಾಹ್ನ ಎರಡು ತಾಸು ಕೂಸನ್ನ ನನ್ನ ಹತ್ರ ಬಿಟ್ಟು ಹೋಗು ಅಂದೀನಿ. ನಿಮ್ಮ ಮನಿ ಹೆಣ್ಣುಮಕ್ಕಳಿಗೂ ಯಾರರ ಪಾರ್ಟ್ ಟೈಮ್ ಬರ್ರಿ ಅಂದ್ರ ಈ ನಾಲ್ಕು ಮಾತು ಕೇಳಿ ಬರಲಿಕ್ಕೆ ಹೇಳ್ರಿ. ಕೂಸಿನ ಚಿಂತಿ ಇದ್ರ, ಅಕ್ಕಪಕ್ಕ ನಾವು ಇದ್ದೇ ಇದ್ದೀವಲ್ಲ.